ವಿಕ್ರೋಳಿಯ ಕಲ್ಲು

ಆಂಟಾಪ್ ಹಿಲ್, ಮುಂಬಯಿ
14 ಜುಲೈ 2024

ಮಗ ಸಂದೀಪನಿಗೆ,

ಕ್ಷೇಮವೇ ಎಂದು ಕೇಳಿ ಪತ್ರ ಶುರುಮಾಡುವುದು ವಾಡಿಕೆ. ಜೈಲಿನಲ್ಲಿರುವವನನ್ನು ಹಾಗೆ ಕೇಳುವುದು ನನಗೆ ಸರಿಕಾಣುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನನ್ನು ನೋಡಲು ಮುಲಾಖತ್ತಿಗೆ ಅಮ್ಮ ಯಾಕೆ ಬರಲಿಲ್ಲ ಎಂದು ಪ್ರಣೀತಾಳನ್ನು ಕೇಳಿದೆಯಂತೆ. ನಿನ್ನ ಹೆಂಡತಿ ಮನೆಗೆ ಬಂದು ಅಳುತ್ತ ಹೇಳಿದಳು. ನಾನು ಬರುವುದಿಲ್ಲ. ಊರಿನಿಂದ ಹೋಟೆಲ್ ಕೆಲಸಕ್ಕೆಂದು ಬಂದ ಎಷ್ಟೋ ಹುಡುಗರು ನಮ್ಮ ಈ ಒಂದು ಕೋಣೆಯಲ್ಲಿ ಮಲಗಿ, ನನ್ನ ಕೈಯ ಅನ್ನ ಉಂಡು ದೊಡ್ಡವರಾದರು. ಅವರಲ್ಲಿ ಒಬ್ಬನೂ ಪೊಲೀಸರ ಬಾಗಿಲು ಹತ್ತಲಿಲ್ಲ. ಅವರಿಗೆಲ್ಲ ಬುದ್ಧಿ ಹೇಳಿದ ನಾನು ಜೈಲಿನ ಗೋಡೆಯ ಹೊರಗೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಲಾರೆ. ಪತ್ರ ಬರೆಯುತ್ತೇನೆ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್‌ವರೆಗೆ ಕಲಿತ ಕನ್ನಡ ಅಷ್ಟಕ್ಕಾದರೂ ಬರಲಿ.

ನಿನ್ನ ಹೇಳಿಕೆಯನ್ನು ವಕೀಲರು ನನಗೆ ಓದಿ ಹೇಳಿದರು. ಚಂದ್ರಾಮ ಎಂಬ ಕೂಲಿಯವನು ಕೆಲಸ ಬಿಟ್ಟ ಮೇಲೆ ಕುಡಿದು, ತಾನಾಗಿಯೇ ಪಾಯದ ಗುಂಡಿಗೆ ಇಳಿದ. ಮಳೆಗೆ ನೆನೆದ ಮಣ್ಣು ಅವನ ಮೇಲೆ ಕುಸಿಯಿತು. ಸೈಟಿನ ಸೂಪರ್‌ವೈಸರ್ ಆದ ನೀನು ಆಗ ಅಲ್ಲಿರಲಿಲ್ಲ. ಆದರೂ ಪೊಲೀಸರು ಸಾವಿಗೆ ನಿನ್ನನ್ನೇ ಹೊಣೆ ಮಾಡಿದ್ದಾರೆ. ನನ್ನ ಮಗ ಹೇಳಿದ್ದನ್ನು ನಾನು ನಂಬುತ್ತೇನೆ. ನಂಬುವುದು ಬೇರೆ, ಬಂದು ಎದುರು ನಿಲ್ಲುವುದು ಬೇರೆ.

ನಿನ್ನ ಪಪ್ಪ ಚೆನ್ನಾಗಿದ್ದಾರೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಪಾರ್ಶ್ವವಾಯು ಬಡಿದ ಮೇಲೆ ಅವರನ್ನು ಇಷ್ಟು ಗೆಲುವಾಗಿ ನಾನು ನೋಡಿರಲಿಲ್ಲ. ಎಲ್ಲ ನೀನು ಕಳುಹಿಸಿದ ಕಲ್ಲಿನಿಂದ. ಆ ಬೆಳಿಗ್ಗೆ ನಿನ್ನ ಸೈಟಿನ ಟೆಂಪೊ ಓಡಿಸುವ ಮುಬಾರಕ ಮತ್ತಿಬ್ಬರ ಜೊತೆ ಅದನ್ನು ಹೊತ್ತು ತಂದು, "ಸಾಹೇಬ್ರು ಕಳಿಸ್ಯಾರ" ಎಂದಷ್ಟೇ ಹೇಳಿ, ಚಹಾ ಕೂಡ ಕುಡಿಯದೆ ಹೋದ. ಸಂಜೆ ನಿನ್ನನ್ನು ಪೊಲೀಸರು ಕರೆದೊಯ್ದರು. ಆ ಗಡಿಬಿಡಿಯಲ್ಲಿ ಕಲ್ಲು ಹಾಗೆಯೇ ಬಾಗಿಲ ಹಿಂದೆ ಕೆಸರು ಸುರಿಸುತ್ತ ನಿಂತಿತ್ತು. ಆಮೇಲೆ ನಾನೇ ಹಗ್ಗ ಬಿಚ್ಚಿ, ಬ್ರಶ್ಶಿನಿಂದ ತಿಕ್ಕಿ ತೊಳೆದೆ. ಹಗ್ಗದ ಕೆಳಗೆ ಸುತ್ತಿದ್ದ ಹಳೆಯ ಬಟ್ಟೆಯನ್ನು ಒಗೆದು, ದೀಪದ ಎಣ್ಣೆ ಒರೆಸಲು ಇಟ್ಟುಕೊಂಡಿದ್ದೇನೆ.

ಇವರ ಹುಚ್ಚು ನಿನಗೆ ಗೊತ್ತು. ಹೋಟೆಲಿನ ಗಲ್ಲಾದಲ್ಲಿ ಕೂತಾಗಲೂ ಗಿರಾಕಿ ಕೊಟ್ಟ ನಾಣ್ಯವನ್ನು ತಿರುಗಿಸಿ ನೋಡುತ್ತಿದ್ದವರು. ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಇತಿಹಾಸದ ಪುಸ್ತಕಗಳಿಗಾಗಿ ನಾನು ಪಾತ್ರೆಯ ಕಪಾಟು ಬಿಟ್ಟುಕೊಟ್ಟಿದ್ದೇನೆ. ಬೆಳಿಗ್ಗೆ ನಾನು ತೆಂಗಿನಕಾಯಿ ಅರೆಯುವಾಗ ಕುರ್ಚಿಯಿಂದಲೇ ಹೇಳುತ್ತಾರೆ: "ಶೀಲಾ, ಮಣ್ಣಿನೊಳಗೆ ಸಿಕ್ಕಿದ ಸಾವಿರಾರು ವರ್ಷದ ಅರೆಯುವ ಕಲ್ಲೂ ನಿನ್ನದರ ಹಾಗೆಯೇ ನಡುವೆ ಸವೆದಿದೆ." ನಾನು ಹೇಳುತ್ತೇನೆ: "ಆ ಕಲ್ಲಿನ ಹೆಂಗಸಿನ ಗಂಡನೂ ಹೀಗೆಯೇ ಕುರ್ಚಿಯಲ್ಲಿ ಕೂತಿದ್ದನೋ ಕೇಳಿ ನೋಡಿ." ನಗುತ್ತಾರೆ. ಗುಂಡಿಯ ಗೋಡೆಯಿಂದ ಅರ್ಧ ಹೊರಗೆ ಕಾಣುತ್ತಿದ್ದ ಈ ಕಲ್ಲಿನ ಫೋಟೊ ನೀನು ಕಳುಹಿಸಿದ ಮೇಲೆ ಇವರಿಗೆ ಊಟ ರುಚಿಸುತ್ತಿರಲಿಲ್ಲ. ಈಗ ಕುರ್ಚಿಯನ್ನು ಕಲ್ಲಿನ ಎದುರಿಗೆ ಹಾಕಿಸಿಕೊಂಡಿದ್ದಾರೆ. ಒಂದು ಕೈಯಲ್ಲಿ ಭೂತಗನ್ನಡಿ. ಮೇಲೆ ಸೂರ್ಯ, ಚಂದ್ರ. ನಡುವೆ ಸವೆದ ಅಕ್ಷರ. ಕೆಳಗೆ ಒಂದು ಪ್ರಾಣಿ. ಮೂತಿ ಉದ್ದ, ಕತ್ತಿನ ಮೇಲೆ ನೆಟ್ಟಗೆ ನಿಂತ ಕೂದಲು. ಕಾಡುಹಂದಿ. "ಇದು ನಮ್ಮ ಪಂಜುರ್ಲಿ" ಎಂದು ಇವರು ಹೇಳಿದಾಗ ನಾನು ಕೈ ಮುಗಿದೆ. ನಮ್ಮೂರು ಕಟಪಾಡಿಯಲ್ಲಿ ಬಿಟ್ಟು ಬಂದ ದೈವ ನಿನ್ನ ವಿಕ್ರೋಳಿ ಸೈಟಿನ ಮಣ್ಣಿನಿಂದ ಎದ್ದು ಬಂದಿದೆ. ಮಂಗಳವಾರ ಮಂಗಳವಾರ ದೀಪ ಇಡುತ್ತಿದ್ದೇನೆ. ನಿನ್ನ ಜಾಮೀನು ಅದರ ಮುಂದೆ ಕೇಳಿಕೊಂಡಿದ್ದೇನೆ.

ಹೊಟ್ಟೆ ತುಂಬ ಉಣ್ಣು. ಯಾರ ಮುಂದೆಯೂ ತಲೆ ತಗ್ಗಿಸಬೇಡ.

ನಿನ್ನ ತಾಯಿ,
ಶೀಲಾವತಿ

—

ಜೈಲಿನಿಂದ
3 ಆಗಸ್ಟ್ 2024

ಅಮ್ಮನಿಗೆ ಸಂದೀಪನ ನಮಸ್ಕಾರ.

ನಿನ್ನ ಚಿಟ್ಠಿ ಸಿಕ್ಕಿತು. ಏಳನೇ ಕ್ಲಾಸಿನ ನಂತರ ನಾನು ಕನ್ನಡ ಬರೆದಿಲ್ಲ. ಗಲತ್ ಇದ್ದರೆ ಬಯ್ಯಬೇಡ. ಮನೆಯಲ್ಲಿ ತುಳು, ಸೈಟಲ್ಲಿ ಹಿಂದಿ, ಇಲ್ಲಿ ಕೂತು ನಿನಗೆ ಕನ್ನಡ.

ಬ್ಯಾರಕ್‌ನಲ್ಲಿ ಜನ ತುಂಬಾ ಇದ್ದಾರೆ. ಮಲಗಿದರೆ ಮಗ್ಗಲು ಬದಲಿಸಲು ಪಕ್ಕದವನನ್ನು ಕೇಳಬೇಕು. ಮಳೆ ಜೋರು ಬಂದರೆ ನನಗೆ ನಿದ್ರೆ ಬರುವುದಿಲ್ಲ. ಕಾರಣ ಕೇಳಬೇಡ.

ಒಂದು ಮುಖ್ಯ ವಿಷಯ. ಕಲ್ಲಿನ ಬಗ್ಗೆ ಚಿಟ್ಠಿಯಲ್ಲಿ ಬರೆಯಬೇಡ. ಇಲ್ಲಿ ಒಬ್ಬ ಸೋಲಾಪುರದ ಸಿಪಾಯಿ ಇದ್ದಾನೆ, ಕನ್ನಡ ಓದುತ್ತಾನೆ, ಒಳಗೆ ಬರುವ ಎಲ್ಲ ಚಿಟ್ಠಿ ಅವನ ಕೈಯಿಂದಲೇ ಬರುತ್ತದೆ. ಹೊರಗೆ ಹೋಗುವುದನ್ನು ನೋಡುವವನಿಗೆ ಕನ್ನಡ ಬರುವುದಿಲ್ಲ. ಹಿಂದಿನದನ್ನು ಅವನು ಸರಿಯಾಗಿ ಓದಿದ ಹಾಗೆ ಕಾಣಲಿಲ್ಲ, ನಮ್ಮ ನಸೀಬು. ಕಲ್ಲು ಒಳಗೆಯೇ ಇರಲಿ. ಪಪ್ಪ ಅದರ ಫೋಟೊ ಅವರ ಇತಿಹಾಸದ ವಾಟ್ಸಾಪ್ ಗ್ರೂಪಿಗೆ ಹಾಕಬಾರದು. ಯಾರಾದರೂ ಕೇಳಿದರೆ ಊರಿಂದ ತಂದದ್ದು ಎಂದು ಹೇಳಿ.

ಪಪ್ಪನಿಗೆ ಖುಷಿ ಆಯಿತಲ್ಲ, ಅಷ್ಟು ಸಾಕು. ಒಂದು ಸಲ ಬಂದು ಹೋಗು ಅಮ್ಮ. ಮುಲಾಖತ್ತಿನ ಗಾಜಿನ ಆಚೆಯಿಂದ ಮುಖ ನೋಡಿದರೆ ಸಾಕು.

ನಿನ್ನ
ಸಂದೀಪ

—

ಆಂಟಾಪ್ ಹಿಲ್
25 ಆಗಸ್ಟ್ 2024

ಸಂದೀಪ,

ನನ್ನ ಮನೆಯಲ್ಲಿ ಕೂತು ನಾನು ಏನು ಬರೆಯಬೇಕು, ಬರೆಯಬಾರದು ಎಂದು ನನಗೆ ಯಾರೂ ಇದುವರೆಗೆ ಹೇಳಿರಲಿಲ್ಲ. ಸೋಲಾಪುರದವರು ಓದಲಿ. ನಾನು ಸುಳ್ಳು ಹೇಳುವವಳಲ್ಲ ಎಂದುಕೊಂಡಿದ್ದೆ. ಮೊನ್ನೆಯವರೆಗೆ.

ಮೊನ್ನೆ ಮಧ್ಯಾಹ್ನ ಒಬ್ಬಳು ಬಂದಳು. ಸಣ್ಣ ದೇಹ, ತಲೆಯ ಮೇಲೆ ಸೆರಗು. ಅವಳನ್ನು ಕರೆತಂದ ಮುಬಾರಕ ಒಳಗೆ ಬರದೆ ಬಿಲ್ಡಿಂಗಿನ ಗೇಟಿನ ಹತ್ತಿರ ಬೆನ್ನು ಹಾಕಿ ನಿಂತಿದ್ದ.

"ಸಂದೀಪ ಸಾಹೇಬ್ರ ಮನಿ ಇದs ಏನ್ರಿ?"

"ನೀನು ಯಾರು?"

"ನಾ ಭೌರಮ್ಮ ರೀ. ಚಂದ್ರಾಮನ ಹೇಣ್ತಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ಹೊಸ್ತಿಲ ಹೊರಗೇ ಕೂತಳು.

"ಜಗಳಕ್ಕ ಬಂದಿಲ್ರಿ ಅವ್ವಾರ. ಸತ್ತಾಂವ ಸತ್ತ. ಅಂವ ಕುಡದು ಸತ್ತ ಅಂತ ಯಾಕ ಬರಸ್ಯಾರ? ತುಳಸಿ ಮಾಲಿ ಹಾಕಿದ ಮನಷ್ಯಾ ರೀ ಅಂವ. ವರ್ಸಾ ಪಂಢರಪುರಕ್ಕ ನಡಕೋತ ಹೋಗಾಂವ. ಈಗ ಊರಾಗ ಭಜನಿ ಮಂದಿ ನಮ್ಮ ಮನಿ ಮುಂದ ನಿಂದ್ರವಲ್ರು. ಮಾಲಿ ಹಾಕ್ಕೊಂಡು ಸೆರೆ ಕುಡದ್ನಂತ ಅಂತಾರ. ನಿಮ್ಮ ಮಗಗ ಒಂದು ಮಾತು ಹೇಳ್ರಿ. ಕುಡದಿರಲಿಲ್ಲ, ಅಷ್ಟs ಅನ್ನಲಿ. ಮತ್ತೇನೂ ಬ್ಯಾಡ."

"ಕೋರ್ಟಿನ ಮಾತು ಕೋರ್ಟಿನಲ್ಲಿ ಹೇಳು" ಎಂದೆ.

ಆಗ ಒಳಗಿನಿಂದ ಇವರು ಕೂಗಿದರು. "ಶೀಲಾ, ಯಾರು? ಒಳಗೆ ಕರಿ." ಬಂದವಳು ಯಾರೆಂದು ಇವರಿಗೆ ಕೇಳಿಸಿರಲಿಲ್ಲ ಎಂದೇ ನಾನು ತಿಳಿದೆ. ಅವಳು ಒಳಗೆ ಬಂದು ಗೋಡೆಗೊರಗಿ ಕೂತಳು. ಯಾವ ಊರು ಎಂದು ಕೇಳಿದರು. ಆಳಂದದ ಹತ್ತಿರ ಒಂದು ಹಳ್ಳಿ ಎಂದಳು. ಇವರ ಕಣ್ಣು ಅರಳಿತು. "ಓ, ಆ ಕಡೆ ಚಾಲುಕ್ಯರ ಕಾಲದ ಶಾಸನಗಳು ಬೇಕಾದಷ್ಟು! ನಿಮ್ಮ ಊರಲ್ಲೂ ಬರಹ ಇರುವ ಕಲ್ಲು ಇರಬೇಕಲ್ಲ?"

"ಒಂದೈತ್ರಿ ಅಪ್ಪಾರ, ಬಾವಿ ಕಡೆ. ಅದರ ಮ್ಯಾಲ ನಾವು ಅರಿವಿ ಒಗಿತೀವಿ."

ಇವರು ನಕ್ಕರು. ಅವಳೂ ಸ್ವಲ್ಪ ನಕ್ಕಳು. ಗಂಡ ಸತ್ತವಳು ನನ್ನ ಮನೆಯಲ್ಲಿ ನಗುತ್ತಿದ್ದಾಳೆ, ಆ ಗಂಡ ಸತ್ತದ್ದು ಯಾಕೆಂದು ಗೋಡೆಯ ಬದಿಯಲ್ಲಿ ನಿಂತ ಕಲ್ಲಿಗೆ ಮಾತ್ರ ಗೊತ್ತು. ಇದು ಈಗ ಬರೆಯುವಾಗ ಹೊಳೆಯುವ ಮಾತು. ಆಗ ನನಗೆ ಹೊಳೆದಿರಲಿಲ್ಲ.

ಅವಳ ಕಣ್ಣು ದೀಪದ ಕೆಳಗೆ ಬಿತ್ತು. ನಾನು ಎಣ್ಣೆ ಒರೆಸಿ ಮಡಚಿಟ್ಟಿದ್ದ ಬಟ್ಟೆಯನ್ನು ಎತ್ತಿಕೊಂಡು ಬಿಡಿಸಿದಳು.

"ಈ ಶೆಲ್ಲೆ ಎಲ್ಲೀದ್ರಿ?"

ಹೆಗಲ ಮೇಲೆ ಹಾಕುವ ವಸ್ತ್ರಕ್ಕೆ ಅವರು ಶೆಲ್ಲೆ ಎನ್ನುತ್ತಾರೆ. ಅಷ್ಟು ಸಲ ಒಗೆದರೂ ನಾನು ಅದನ್ನು ವಸ್ತ್ರವೆಂದು ನೋಡಿರಲಿಲ್ಲ, ಚಿಂದಿಯೆಂದೇ ನೋಡಿದ್ದೆ.

"ನಮ್ಮದೇ" ಎಂದೆ.

"ಈ ಹಸರ ತ್ಯಾಪಿ ನಾ ಹಚ್ಚಿದ್ದರಿ. ನನ್ನ ಸೀರಿ ತುಂಡು."

"ಹಸಿರು ಸೀರೆ ಲೋಕದಲ್ಲಿ ನಿನ್ನೊಬ್ಬಳ ಹತ್ತಿರ ಇದೆಯೇ?"

ಅವಳು ನನ್ನ ಮುಖ ನೋಡಿದಳು. ಬಟ್ಟೆಯನ್ನು ಮೂಗಿಗೆ ಹಿಡಿದಳು. ಅದರಲ್ಲಿ ಇದ್ದದ್ದು ನಮ್ಮ ಮನೆಯ ಎಳ್ಳೆಣ್ಣೆಯ ವಾಸನೆ ಮಾತ್ರ. ಆಮೇಲೆ ಎಣ್ಣೆಯ ಕಲೆ ಒಳಗೆ ಬರುವಂತೆ ಜೋಡಿಸಿ ಮಡಚಿ, ಇದ್ದಲ್ಲೇ ಇಟ್ಟಳು. "ಇರ್ಲಿ ಬಿಡ್ರಿ. ನಿಮ್ಮದs ಇರ್ಲಿ" ಎಂದು ಎದ್ದು ಹೋದಳು. ನೀರು ಬೇಕೇ ಎಂದು ಸಹ ನಾನು ಕೇಳಲಿಲ್ಲ.

ಮಗನೇ, ಆ ಬಟ್ಟೆ ನಿನ್ನ ಕಲ್ಲಿನ ಜೊತೆ ಬಂದದ್ದು. ಸತ್ತವನ ಹೆಗಲ ವಸ್ತ್ರ ನನ್ನ ಮನೆಯ ಕಲ್ಲಿಗೆ ಹೇಗೆ ಸುತ್ತಿಕೊಂಡಿತು? ಹೌದು ಅಥವಾ ಅಲ್ಲ ಎಂದು ಬರೆ. ಆ ಸಂಜೆ ಅವನನ್ನು ಗುಂಡಿಗೆ ಇಳಿಸಿದ್ದು ನೀನೇ?

ಶೀಲಾವತಿ

—

ಜೈಲಿನಿಂದ
17 ಸೆಪ್ಟೆಂಬರ್ 2024

ಅಮ್ಮ,

ಜಮಾನತ್‌ನ ತಾರೀಖು ಬಂದಿದೆ. ಅಕ್ಟೋಬರ್ ಇಪ್ಪತ್ತೊಂದು. ಈ ಸಲ ಆಗುತ್ತದೆ ಎಂದು ವಕೀಲರು ಹೇಳುತ್ತಾರೆ. ಅಲ್ಲಿವರೆಗೆ ಯಾರನ್ನೂ ಮನೆಯೊಳಗೆ ಕರೆಯಬೇಡ. ಮುಬಾರಕನನ್ನು ಅಂತೂ ಬೇಡ.

ನೀನು ಕೇಳಿದ್ದಕ್ಕೆ ನನ್ನ ಹೇಳಿಕೆಯಲ್ಲಿ ಜವಾಬು ಇದೆ. ನೀನು ನನ್ನ ತಾಯಿ, ಸರ್ಕಾರಿ ವಕೀಲಳಲ್ಲ.

ಆ ಬಟ್ಟೆಯನ್ನು ಒಲೆಗೆ ಹಾಕು.

ಸಂದೀಪ

—

ಆಂಟಾಪ್ ಹಿಲ್
6 ಅಕ್ಟೋಬರ್ 2024

ಸಂದೀಪ,

ನಮ್ಮ ಮನೆಯಲ್ಲಿ ಇರುವುದು ಗ್ಯಾಸು. ಒಲೆ ಇಲ್ಲ. ಇದ್ದರೂ ಹಾಕುತ್ತಿರಲಿಲ್ಲ.

ನವರಾತ್ರಿ ನಡೆಯುತ್ತಿದೆ. ಬಿಲ್ಡಿಂಗಿನ ಕೆಳಗೆ ಲೌಡ್‌ಸ್ಪೀಕರ್. ಈ ಸಲ ನಾನು ಮನೆಯಲ್ಲಿ ಹೂವಿನ ಪೂಜೆ ಇಟ್ಟಿಲ್ಲ. ಯಾಕೆಂದು ಕೇಳು.

ಹಿಂದಿನ ವಾರ ನೋಡುತ್ತೇನೆ, ಇವರು ಕಲ್ಲಿನಲ್ಲಿ ಪ್ರಾಣಿಯ ಕತ್ತಿನಿಂದ ಕೆಳಗೆ ಹಳೆಯ ಪೇಪರು ಅಂಟಿಸಿದ್ದಾರೆ. ಒಂದು ಕೈಯಲ್ಲಿ, ಗೋಂದು ಚೆಲ್ಲಿಕೊಂಡು.

"ಏನು ಮುಚ್ಚಿಟ್ಟದ್ದು?"

"ಧೂಳು ಕೂರಬಾರದಲ್ಲ."

"ದೈವಕ್ಕೆ ಪೇಪರು ಹೊದೆಸುವುದನ್ನು ಯಾವ ಪುಸ್ತಕದಲ್ಲಿ ಓದಿದಿರಿ?"

ಗೋಂದಿನ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಹೇಳಿದರು: "ಶೀಲಾ, ಅದು ಪಂಜುರ್ಲಿಯಲ್ಲ."

"ಮತ್ತೆ?"

"ಕತ್ತೆ."

ನಾನು ನಕ್ಕುಬಿಟ್ಟೆ. ಇಷ್ಟು ಮಂಗಳವಾರ ನಾನು ಕತ್ತೆಗೆ ದೀಪ ಇಟ್ಟೆನೇ ಎಂದು ಕೇಳಿದೆ. ಇವರು ನಗಲಿಲ್ಲ. ಟಾರ್ಚನ್ನು ಎದುರಿಗೆ ಹಿಡಿದರೆ ಸವೆದ ಕೆತ್ತನೆ ಕಾಣುವುದಿಲ್ಲವಂತೆ, ಬದಿಯಿಂದ ಓರೆಯಾಗಿ ಹಿಡಿಯಬೇಕಂತೆ. ಹಾಗೆ ಹಿಡಿದು ತೋರಿಸಿದರು. ಹಂದಿಯ ಕತ್ತಿನ ಕೂದಲು ಎಂದು ನಾವು ಅಂದುಕೊಂಡದ್ದು ಹಿಂದಕ್ಕೆ ಮಡಚಿದ ಎರಡು ಉದ್ದ ಕಿವಿ. ಆಮೇಲೆ ಪೇಪರು ತೆಗೆದೆ. ತೆಗೆಯಬೇಡ ಎಂದರು, ತೆಗೆದೆ. ತೊಳೆಯುವಾಗ ಬರಿಯ ಸವೆದ ಗೆರೆ ಎಂದುಕೊಂಡಿದ್ದೆ, ಓರೆ ಬೆಳಕಿನಲ್ಲಿ ಕಂಡಿತು: ಕತ್ತೆಯ ಕೆಳಗೆ ಒಬ್ಬಳು ಹೆಂಗಸು ಇದ್ದಾಳೆ.

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಸಾವಿರ ವರ್ಷದ ಹಿಂದೆ ಈ ಕೊಂಕಣವನ್ನು ಆಳಿದ ರಾಜರು ಹೊಲವನ್ನೋ ಊರನ್ನೋ ದಾನ ಕೊಟ್ಟರೆ ಇಂಥ ಕಲ್ಲು ನೆಡುತ್ತಿದ್ದರಂತೆ. ಮರಾಠಿಯವರು ಇದಕ್ಕೆ ಗಧೇಗಾಳ ಎನ್ನುತ್ತಾರಂತೆ. ಕತ್ತೆಯ ಬೈಗುಳ ಎಂದು ಅರ್ಥ. ದಾನದ ಮಾತು ಮೀರಿದವನ ತಾಯಿಗೆ ಕತ್ತೆಯಿಂದ ಹೀಗೆ ಮಾನಭಂಗವಾಗಲಿ ಎಂದು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುವುದು. ಓದಲು ಬಾರದವನಿಗೂ ತಿಳಿಯಲಿ ಎಂದು ಚಿತ್ರ.

"ನಮ್ಮ ಕಡೆಯ ಶಾಸನಗಳಲ್ಲಿ ದಾನ ಕಸಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂದಿರುತ್ತದೆ" ಎಂದರು. "ಪಾಪ ಅವನಿಗೇ."

"ಇಲ್ಲಿ ಅವನಿಗೆ ಏನು?"

"ಅವನಿಗೆ ಏನಿಲ್ಲ."

"ತಪ್ಪು ಅವನದು, ತಾಯಿಗೆ ಯಾಕೆ?"

"ತನ್ನ ಮೇಲೆ ಬಂದರೆ ಗಂಡಸು ಹೇಗೋ ತಡೆದುಕೊಳ್ಳುತ್ತಾನೆ. ತಾಯಿಯ ಹೆಸರು ತೆಗೆದರೆ ಹೆದರುತ್ತಾನೆ ಎಂದು ಎಣಿಸಿರಬೇಕು."

ನಾನು ಆ ಹೆಂಗಸನ್ನು ನೋಡುತ್ತ ಕೂತೆ. ಮುಖ ಸವೆದುಹೋಗಿದೆ. ಅವಳ ಮಗ ಯಾರ ಹೊಲ ಕಿತ್ತುಕೊಂಡನೋ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಅವಳು ಮಗನನ್ನು ಕೇಳಿದ್ದಳೋ ಇಲ್ಲವೋ. ನಾನು ಕೇಳಿದೆ. ನನ್ನ ಮಗ ಬಟ್ಟೆ ಸುಡು ಎಂದು ಬರೆದ.

ಕೇಳು. ಆ ಬಟ್ಟೆಗೆ ನಾನು ನಮ್ಮದು ಎಂದೆ. ಜೀವನದಲ್ಲಿ ಇನ್ನೊಬ್ಬರ ಒಂದು ಲೋಟವನ್ನು ನನ್ನದು ಎಂದವಳಲ್ಲ. ಆ ದಿನದಿಂದ ದೀಪ ಹಚ್ಚಿಲ್ಲ. ಬಾಯಿ ಕಹಿ.

ಚಂದ್ರಾಮನನ್ನು ಇಳಿಸಿದ್ದು ನೀನು, ಕಲ್ಲಿಗಾಗಿ ಇಳಿಸಿದ್ದು, ಅವನು ಕುಡಿದಿರಲಿಲ್ಲ. ಇಷ್ಟನ್ನು ವಕೀಲರ ಮೂಲಕ ನೀನೇ ಹೇಳು. ಇಪ್ಪತ್ತೊಂದರ ಮೊದಲು ಹೇಳು. ನೀನು ಹೇಳಿದರೆ ಅದು ನಿನ್ನ ಮಾತು. ನಾನು ಹೇಳಬೇಕಾಗಿ ಬಂದರೆ ಅದು ನಿನ್ನ ಮೇಲಿನ ಮಾತು. ಹೇಳದೆ ಜಾಮೀನಿನಲ್ಲಿ ಬಂದೆ ಎಂದಿಟ್ಟುಕೋ. ನಾನು ಬಾಗಿಲು ತೆಗೆಯುತ್ತೇನೆ, ಅನ್ನ ಹಾಕುತ್ತೇನೆ. ನಿನ್ನ ಮುಖ ನೋಡುವುದಿಲ್ಲ.

ಶೀಲಾವತಿ

—

ಜೈಲಿನಿಂದ
12 ಅಕ್ಟೋಬರ್ 2024

ಅಮ್ಮ,

ಈ ಚಿಟ್ಠಿ ಪ್ರಣೀತಾಳ ಕೈಯಲ್ಲಿ ಬರುತ್ತಿದೆ. ಹೇಗೆ ಎಂದು ಕೇಳಬೇಡ. ಓದಿ ಹರಿದು ಹಾಕು.

ಹೌದು. ನಾನೇ ಇಳಿಸಿದ್ದು. ಸಾಕಾ?

ಪಪ್ಪ ಆ ದಿನ ಮೂರು ಸಲ ಫೋನ್ ಮಾಡಿದರು. "ಮಗ, ನಾಳೆ ಜೆಸಿಬಿ ಬಂದರೆ ಪುಡಿ ಆಗುತ್ತದೆ, ಇವತ್ತೇ ತೆಗೆಸು, ನನ್ನ ಇಡೀ ಜನ್ಮದಲ್ಲಿ ಒಂದು ಅಸಲಿ ಕಲ್ಲು ಮುಟ್ಟಿಲ್ಲ, ಪುಸ್ತಕದಲ್ಲೇ ನೋಡಿದ್ದು" ಎಂದರು. ಅವರ ದನಿ ಚಿಕ್ಕ ಮಕ್ಕಳ ಥರ ಇತ್ತು. ಆಫೀಸಿಗೆ ಹೇಳಿದರೆ ಸರ್ಕಾರದವರು ಬರುತ್ತಾರೆ, ಕೆಲಸ ಬಂದ್, ಮಾಲೀಕ ನನ್ನನ್ನು ತೆಗೆದುಹಾಕುತ್ತಾನೆ. ಅದಕ್ಕೇ ಎಲ್ಲರೂ ಹೋದ ಮೇಲೆ ಚಂದ್ರಾಮನನ್ನು ನಿಲ್ಲಿಸಿಕೊಂಡೆ. ಅವನು ಕೆಳಗೆ ನೋಡಿ, "ಸಾಹೇಬ್ರ, ಮಣ್ಣು ಹಸಿ ಐತ್ರಿ, ಬೆಳಿಗ್ಗೆ ನೋಡೋಣ" ಎಂದ. ನಾನು, "ಪಾಂಚ್ ಮಿನಿಟ್, ಬಸ್" ಎಂದೆ. ಅವನು ಇಳಿದ. ಹಗ್ಗದಿಂದ ಕೆತ್ತನೆ ಒಡೆಯಬಾರದು ಎಂದು ತನ್ನ ಹೆಗಲಿನ ಬಟ್ಟೆಯನ್ನು ತಾನೇ ಸುತ್ತಿದ. ನಾನು ಹೇಳಿರಲಿಲ್ಲ. ನಾನು, ಮುಬಾರಕ ಮತ್ತು ಟೆಂಪೊದ ಇಬ್ಬರು ಹುಡುಗರು ಮೇಲಿಂದ ಎಳೆದೆವು. ಕಲ್ಲು ಬಂತು. ಅವನು ಬರಲಿಲ್ಲ.

ಈಗ ಹೇಳು. ನೀನು ಠಾಣೆಗೆ ಹೋದರೆ ನಾನು ಒಳಗೇ ಕೊಳೆಯುತ್ತೇನೆ, ಅದು ಇರಲಿ. ಪಪ್ಪನಿಗೆ ಗೊತ್ತಾಗುತ್ತದೆ. ತನಗಾಗಿ ಒಬ್ಬ ಸತ್ತ ಎಂದು ಗೊತ್ತಾದರೆ ಅವರು ಒಂದು ವಾರ ಬದುಕುವುದಿಲ್ಲ. ಗಂಡನನ್ನು ಕೊಲ್ಲುವ ಧೈರ್ಯ ಇದ್ದರೆ ಹೋಗು. ಯಾರೋ ಒಬ್ಬಳ ಶೆಲ್ಲೆಗಾಗಿ ಹೋಗು.

ಸಂದೀಪ

—

ಆಂಟಾಪ್ ಹಿಲ್
10 ನವೆಂಬರ್ 2024

ಮಗ ಸಂದೀಪನಿಗೆ,

ಜಾಮೀನು ಸಿಗಲಿಲ್ಲ, ಅದು ಯಾಕೆಂದು ನಿನಗೆ ಗೊತ್ತು. ಆದರೂ ಏನಾಯಿತೆಂದು ನಿನ್ನ ತಾಯಿಯ ಕೈಯಿಂದಲೇ ನೀನು ಓದಬೇಕು.

ನಿನ್ನ ಪತ್ರವನ್ನು ನಾನು ಹರಿಯಲಿಲ್ಲ. ಪೊಲೀಸರಿಗೂ ಕೊಡಲಿಲ್ಲ. ಇವರ ಕೈಯಲ್ಲಿ ಕೊಟ್ಟೆ. ಇವರು ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿ, ಮಡಚಿ, ತೊಡೆಯ ಮೇಲೆ ಇಟ್ಟುಕೊಂಡರು.

"ಗೊತ್ತಿತ್ತು" ಎಂದರು.

"ಯಾವಾಗಿನಿಂದ?"

"ಆ ಹೆಂಗಸು ಬಂದ ದಿನದಿಂದ. ಯಾರೆಂದು ನನಗೆ ಕೇಳಿಸಿತ್ತು ಶೀಲಾ." ಆಮೇಲೆ ಕಲ್ಲಿನ ಬದಿ ತೋರಿಸಿದರು. ಗುದ್ದಲಿಯ ಏಟು ಬಿದ್ದಲ್ಲಿ ಕಲ್ಲು ಹೊಸದಾಗಿ ಬೆಳ್ಳಗಿದೆ. ಹಗ್ಗ ಉಜ್ಜಿದ ಗುರುತು ಎರಡು ಕಡೆ ಇದೆ, ಹೆಂಗಸಿನ ಮುಖದ ಮೇಲೆ ಇಲ್ಲ. ಅಲ್ಲಿ ಬಟ್ಟೆ ಇತ್ತು. "ಇದೆಲ್ಲ ಓದಲು ಬರುತ್ತಿತ್ತು. ಓದಿದರೆ ಕಲ್ಲು ಬಿಟ್ಟುಕೊಡಬೇಕು. ಇನ್ನೆರಡು ಸಾಲು ಅಕ್ಷರ ಉಳಿದಿತ್ತು. ಅದು ಮುಗಿಯಲಿ ಎಂದುಕೊಂಡೆ."

ನಿನ್ನ ಪಪ್ಪನನ್ನು ನೀನು ಮಗುವಿನಂತೆ ಕಾಪಾಡಲು ಹೊರಟಿದ್ದೆ. ಅವರು ತಮ್ಮನ್ನು ತಾವೇ ಕಾಪಾಡಿಕೊಂಡಿದ್ದರು. ನಾನು ಪತ್ರವನ್ನು ಅವರ ತೊಡೆಯಿಂದ ತೆಗೆದು ಅಕ್ಕಿಡಬ್ಬಿಯಲ್ಲಿ ಇಟ್ಟೆ.

ಮರುದಿನ ಬಟ್ಟೆಯನ್ನು ಸೀಗೆಯಲ್ಲಿ ಒಗೆದೆ. ಎಣ್ಣೆಯ ಕಲೆ ಹೋಗಲಿಲ್ಲ. ಒಣಗಿಸಿ, ಕುರ್ಲಾಕ್ಕೆ ಲೋಕಲ್ ಹಿಡಿದೆ. ನಾನು ಫೋನ್ ಮಾಡಿ ಕರೆಸಿದ್ದ ಮುಬಾರಕ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದ. ದಾರಿಯಲ್ಲಿ ಅವನು ಹೇಳಿದ, "ಅಮ್ಮಾ, ನೀವು ಹೇಳ್ತೀರಂದ್ರ ನಾನೂ ಹೇಳ್ತೀನ್ರಿ. ಹಗ್ಗಾ ಜಗ್ಗಿದ ಕೈ ಇದು. ನಮಾಜಿಗೆ ಎತ್ತಾಕ ಆಗವಲ್ದು."

ನಾಲೆಯ ಪಕ್ಕದ ಗಲ್ಲಿಯಲ್ಲಿ ಭೌರಮ್ಮನ ಕೋಣೆ. ಅವಳು ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದಳು. ನಾನು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. "ಇದು ನಿನ್ನದು. ನಾನು ಸುಳ್ಳು ಹೇಳಿದೆ. ಅವನನ್ನು ಗುಂಡಿಗೆ ಇಳಿಸಿದ್ದು ನನ್ನ ಮಗ, ನಮ್ಮ ಮನೆಯ ಕಲ್ಲಿಗಾಗಿ" ಎಂದೆ.

ಅವಳು ಬಟ್ಟೆ ತೆಗೆದುಕೊಂಡಳು. ಹಸಿರು ತೇಪೆಯ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು.

"ಕುಡದಿರಲಿಲ್ಲಂತ ಬರಸೀರೇನ್ರಿ?"

"ಈಗ ಬರೆಸಲು ಹೋಗುತ್ತಿದ್ದೇನೆ."

"ಬರಸ್ರಿ" ಎಂದು ಮತ್ತೆ ಅಕ್ಕಿಗೆ ಕೈ ಹಾಕಿದಳು. ಒಳಗೆ ಬನ್ನಿ ಎನ್ನಲಿಲ್ಲ. ಬಿಸಿಲಿತ್ತು. ನನಗೆ ನೀರು ಬೇಕಾಗಿತ್ತು. ಅವಳು ಕೇಳಲಿಲ್ಲ, ಕೇಳದೆ ಇದ್ದದ್ದು ಸರಿಯಾಗಿಯೇ ಇತ್ತು.

ಠಾಣೆಯಲ್ಲಿ ಹವಾಲ್ದಾರ ಬರೆದುಕೊಳ್ಳುತ್ತ ಪೆನ್ನು ನಿಲ್ಲಿಸಿ ಕೇಳಿದ. "ಆಜಿ, ಸ್ವಂತ ಮಗನ ಮೇಲೆ ಹೇಳಿಕೆ ಕೊಡುತ್ತಿದ್ದೀರಿ. ಯೋಚನೆ ಮಾಡಿದ್ದೀರಾ?" ಮಾಡಿದ್ದೇನೆ, ನೀನು ಅಕ್ಷರ ದುಂಡಗೆ ಬರೆ ಎಂದೆ. ಕುಡಿದಿರಲಿಲ್ಲ ಎಂಬ ಸಾಲನ್ನು ಎರಡು ಸಲ ಓದಿಸಿದೆ. ಮುಬಾರಕನೂ ಅದನ್ನೇ ಹೇಳಿದ. ಮರುದಿನ ಕಲ್ಲು ಒಯ್ಯಲು ಬಂದರು. ಒಬ್ಬ ಪೋರ ಸಿಪಾಯಿ ಕೆಳಗಿನ ಕೆತ್ತನೆ ನೋಡಿ ಇನ್ನೊಬ್ಬನಿಗೆ ಮೊಣಕೈಯಿಂದ ತಿವಿದು ಕಿಸಿಕಿಸಿ ನಕ್ಕ. ಪಕ್ಕದ ಮನೆಯ ವಾರಿಜಾ, ಎದುರು ಬಿಲ್ಡಿಂಗಿನವರು, ಎಲ್ಲ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯ ಅನ್ನ ಉಂಡವರ ಮಕ್ಕಳು ಅವರು. ಅವರ ಎದುರಿಗೆ ಆ ಹೆಂಗಸಿನ ಚಿತ್ರ ನನ್ನ ಮನೆಯಿಂದ ಹೊರಗೆ ಹೋಯಿತು. ಸಿಪಾಯಿ ಮುಚ್ಚಲು ಬಟ್ಟೆ ಇದೆಯೇ ಎಂದು ಕೇಳಿದ. ಇಲ್ಲ, ಹೀಗೆಯೇ ಒಯ್ಯಿರಿ ಎಂದೆ.

ಪ್ರಣೀತಾ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಯಕ್ಷಿತಾಳನ್ನು ಕರೆದುಕೊಂಡು ತಾಯಿಮನೆಗೆ ಹೋಗಿದ್ದಾಳೆ. ಮೊಮ್ಮಗಳು ಹೋಗುವಾಗ ನನ್ನ ಕಾಲು ಮುಟ್ಟಲಿಲ್ಲ. ನಿನ್ನ ಪಪ್ಪ ಕುರ್ಚಿಯನ್ನು ತಿರುಗಿಸು ಎಂದಿಲ್ಲ. ಕಲ್ಲು ಇದ್ದ ಜಾಗಕ್ಕೆ ಮುಖ ಮಾಡಿ ಕೂತಿರುತ್ತಾರೆ. ನೆಲದ ಮೇಲೆ ಕೆಸರಿನ ಒಂದು ಚೌಕ ಗುರುತು ಉಳಿದಿದೆ. ತಿಕ್ಕಿದರೆ ಹೋಗುತ್ತದೆ. ನಾನು ತಿಕ್ಕಿಲ್ಲ. ಪುಸ್ತಕಗಳು ಕಪಾಟಿನಲ್ಲೇ ಇವೆ. ಭೂತಗನ್ನಡಿಯನ್ನು ಮೇಲೆ ಇಡು ಎಂದರು, ಕೈಗೆ ಸಿಗದಷ್ಟು ಮೇಲೆ. ಇಟ್ಟೆ.

ಈ ಬುಧವಾರ ನಾನು ಮುಲಾಖತ್ತಿಗೆ ಬರುತ್ತೇನೆ. ಚೀಟಿ ಮಾಡಿಸಿದ್ದಾಗಿದೆ. ಸಾಲಿನಲ್ಲಿ ನಿಲ್ಲುತ್ತೇನೆ. ನೀನು ಗಾಜಿನ ಆಚೆ ಬರಲು ಒಪ್ಪದೆ ಇದ್ದರೆ ಹೊತ್ತು ಮುಗಿಯುವವರೆಗೆ ಖಾಲಿ ಗಾಜಿನ ಮುಂದೆ ನಿಂತು ಹೋಗುತ್ತೇನೆ, ಮುಂದಿನ ಬುಧವಾರ ಮತ್ತೆ ಬರುತ್ತೇನೆ. ಬೈಯುವುದಾದರೆ ಬೈ. ನನ್ನ ಮೇಲೆ ಬರಬೇಕಾದದ್ದು ನನ್ನ ಮೇಲೆಯೇ ಬರಲಿ.

ಆದರೆ ನಾನು ಬರುತ್ತಿರುವುದು ಬೈಸಿಕೊಳ್ಳಲಿಕ್ಕಲ್ಲ. ನಿನ್ನ ಪಪ್ಪ ಒಂದು ಮಾತು ಕೇಳಿಬರಲು ಹೇಳಿದ್ದಾರೆ. ದಿನವೂ ನನ್ನನ್ನೇ ಕೇಳುತ್ತಾರೆ, ನಾನು ಏನು ಹೇಳಲಿ? ಮಣ್ಣು ಬೀಳುವಾಗ ಅವನು ಕೂಗಿದನೇ? ಕೂಗಿದ್ದರೆ ಯಾರನ್ನು ಕೂಗಿದ?

ಉತ್ತರವನ್ನು ಬರೆಯಬೇಡ. ನನ್ನ ಮುಖ ನೋಡಿ ಹೇಳು.

ನಿನ್ನ ತಾಯಿ,
ಶೀಲಾವತಿ